ಮಾದಮ್ಮನ ನಂಬರಿಗೆ ಬೀಳುವ ಹಾಲು

"ಅಮ್ಮಾ, ಮಾದಜ್ಜಿ ಸಾವ್ಕಾರ್ತಿಯಾ?"

ಮೈತ್ರಿ ಇದನ್ನು ಕೇಳಿದ್ದು ಬೆಳಗ್ಗೆ ನನ್ನಿಂದ ಜಡೆ ಹಾಕಿಸಿಕೊಳ್ಳುವಾಗ. ಆರು ವರ್ಷದ ಹುಡುಗಿ. ಇವಳ ಪ್ರಶ್ನೆಗಳೆಲ್ಲ ಸ್ಕೂಲ್ ವ್ಯಾನ್ ಬರಲು ಐದು ನಿಮಿಷ ಇರುವಾಗಲೇ ಹೊರಡುತ್ತವೆ.

"ಯಾರೇ ಹೇಳಿದ್ದು?"

"ಗ್ಯಾಸ್ ಗಾಡಿ ಅಂಕಲ್ಲು. ನೀವು ಸಾವ್ಕಾರ್ರು ಕಣಜ್ಜಿ, ಇನ್ಮೇಲೆ ಪೂರ್ತಿ ರೇಟು ಕೊಡಿ ಅಂದ್ರು. ಅಜ್ಜಿ ಸಿಲಿಂಡರ್ ವಾಪಸ್ ಕಳಿಸ್ಬುಟ್ರು. ಸಾವ್ಕಾರ್ತಿ ಆದ್ರೆ ಯಾಕೆ ಸೌದೆ ಒಲೆ ಊದ್ತಾವ್ರೆ?"

ಜಡೆ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಾಗಿರಲಿಲ್ಲ. "ಸಾವ್ಕಾರ್ತಿ ಅಲ್ಲ, ಕಂಪ್ಯೂಟರ್ ತಪ್ಪಾಗಿ ಹೇಳಿದೆ" ಎಂದು ವ್ಯಾನ್ ಹತ್ತಿಸಿದೆ. ಅದೂ ಪೂರ್ತಿ ನಿಜವಲ್ಲ. ಕಂಪ್ಯೂಟರಿಗೆ ಹಾಗೆ ಕಾಣುವಂತೆ ಮಾಡಿದ್ದು ಮಾದಮ್ಮತ್ತೆಯೇ. ಅದನ್ನು ಸರಿಯಾಗಿ ಬರೆದಿಡಬೇಕು ಅನಿಸಿ ಈ ಪುಟಗಳನ್ನು ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಒಬ್ಬಿಬ್ಬರ ಹೆಸರು ಬದಲಾಯಿಸಿದ್ದೇನೆ. ಯಾಕೆ ಅನ್ನುವುದು ಓದುತ್ತ ಹೋದರೆ ತಿಳಿಯುತ್ತದೆ.

ಮಾದಮ್ಮತ್ತೆಯದು ಕವಲಂದೆಯಲ್ಲಿ ನಮ್ಮ ಎದುರು ಮನೆ. ವಯಸ್ಸು ಆಧಾರ್ ಪ್ರಕಾರ ಅರವತ್ತೊಂದು, ಅವರ ಪ್ರಕಾರ "ಒಂದೆಲ್ಡು ವರ್ಸ ಆಚೆಗೋ ಈಚೆಗೋ." ಗಂಡ ಚಲುವಯ್ಯ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಗಳು ರೋಜಾಳನ್ನು ತಿ. ನರಸೀಪುರಕ್ಕೆ ಕೊಟ್ಟಿದ್ದಾರೆ. ಮನೆಯಲ್ಲಿ ಇವರು, ಕೆಂಪಿ ಎಂಬ ಹಸು, ಕೆಂಪಿಯ ಮಗಳು, ಇನ್ನೂ ಕರು ಹಾಕದ ಒಂದು ಪಡ್ಡೆ. ಮೈತ್ರಿ ಹುಟ್ಟಿದಾಗ ನನ್ನ ತಾಯಿಗೆ ಬರಲಾಗಲಿಲ್ಲ. ನಲವತ್ತು ದಿನ ನನಗೂ ಮಗುವಿಗೂ ನೀರು ಹಾಕಿದ್ದು ಮಾದಮ್ಮತ್ತೆ. "ಅಳು ಕಣವ್ವ ಅಳು, ಬಿಸ್ನೀರಲ್ಲಿ ಕಣ್ಣೀರು ಯಾರ್ಗೂ ಕಾಣಕಿಲ್ಲ" ಎಂದು ಬೆನ್ನು ತಿಕ್ಕುತ್ತಿದ್ದರು. ಹಾಗಾಗಿ ಅವರು ನನಗೆ ಬರೀ ಎದುರು ಮನೆಯವರಲ್ಲ.

ಅವರಿಗೆ ದಮ್ಮು ಇದೆ. ಚಿಕ್ಕ ವಯಸ್ಸಿನಲ್ಲಿ ಹದಿನಾಲ್ಕು ವರ್ಷ ನರಸೀಪುರದ ಹೊಳೆದಂಡೆಯ ಇಟ್ಟಿಗೆ ಗೂಡಿನಲ್ಲಿ ದುಡಿದವರು. ಎದೆಯೊಳಗೆ ಆ ಹೊಗೆ ಇನ್ನೂ ಇದೆ ಎಂದು ಅವರೇ ಹೇಳುತ್ತಾರೆ. ಡಾಕ್ಟರು ಕಳೆದ ವರ್ಷ ಖಂಡಿತವಾಗಿ ಹೇಳಿದ್ದರು: ಸೌದೆ ಒಲೆಯ ಮುಂದೆ ಕೂರಬೇಡಿ, ಗ್ಯಾಸ್ ಬಿಟ್ಟು ಬೇರೆ ಅಡುಗೆ ಬೇಡ. ಅಂದಿನಿಂದ ಹಿತ್ತಲಿನ ಒಲೆಯ ಮೇಲೆ ಕೋಳಿ ಮಲಗುತ್ತಿತ್ತು. ಸಿಲಿಂಡರ್ ವಾಪಸ್ ಹೋದ ಮೇಲೆ ಮತ್ತೆ ಅಲ್ಲಿಂದ ಹೊಗೆ ಏಳತೊಡಗಿತು, ಹೊಗೆಯ ಹಿಂದೆಯೇ ಕೆಮ್ಮು.

ಇನ್ನು ಹಾಲಿನ ವಿಷಯ.

ಡೈರಿಯಲ್ಲಿ ಒಂದು ಮನೆಗೆ ಒಂದು ನಂಬರು. ನಂಬರು ಸಾಮಾನ್ಯವಾಗಿ ಗಂಡನದೋ ಮಾವನದೋ ಆಗಿರುತ್ತದೆ, ದುಡ್ಡು ಅವರ ಖಾತೆಗೆ ಬೀಳುತ್ತದೆ. ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಹೆಂಗಸರು. ಮಾದಮ್ಮತ್ತೆಯ ನಂಬರು ಮಾತ್ರ ಅವರದೇ ಹೆಸರಿನಲ್ಲಿದೆ. ಅದಕ್ಕೇ ಐದು ಜನ ಹೆಂಗಸರು ದಿನಾ ತಮ್ಮ ಮನೆಯ ಹಾಲಿನಲ್ಲಿ ಎರಡು ಲೀಟರೋ ಮೂರು ಲೀಟರೋ ತಂದು ಇವರ ಕ್ಯಾನಿಗೆ ಸುರಿಯುತ್ತಾರೆ. ಮೇಗಲ ಬೀದಿಯ ಶಾಲಿನಿ ರಾಗಿ ಚೀಲದೊಳಗೆ ಹಾಲಿನ ಪಾತ್ರೆ ಇಟ್ಟುಕೊಂಡು ಗಿರಣಿಗೆ ಹೊರಟವಳಂತೆ ಬರುತ್ತಾಳೆ. ಮದುವೆಯಿಂದ ಅರ್ಧಕ್ಕೆ ನಿಂತ ನರ್ಸಿಂಗ್ ಕೋರ್ಸಿನ ಫೀಸು ಕಟ್ಟಬೇಕೆಂಬುದು ಅವಳ ಆಸೆ. ದೇವೀರಮ್ಮನಿಗೆ ಮೂರು ಜನ ಗಂಡುಮಕ್ಕಳು, ಆಸ್ತಿಯೂ ಇದೆ. ಆದರೆ ಕನ್ನಡಕದ ಗಾಜು ಬದಲಾಯಿಸಲು ಹಿರಿಮಗನ ಮುಂದೆ ನಿಲ್ಲಬೇಕು. ಉಳಿದ ಮೂವರದೂ ಇಂಥದೇ. ಬಟವಾಡೆ ಆದ ದಿನ ಐವರೂ ಒಬ್ಬೊಬ್ಬರಾಗಿ ಲೋಟ ಹಿಡಿದು "ಅತ್ತೆ, ವಸಿ ಸಕ್ರೆ ಇದ್ರೆ ಕೊಡಿ" ಎಂದು ಬರುತ್ತಾರೆ. ಲೋಟದ ತಳದಲ್ಲಿ ಅವರವರ ದುಡ್ಡು, ಮೇಲೆ ನಿಜವಾಗಿಯೂ ಒಂದು ಚಮಚ ಸಕ್ಕರೆ.

ಆ ಮೇಗಲ ಬೀದಿಯ ಮನೆಗಳಲ್ಲಿ ನಮ್ಮ ಬೀದಿಯವರಿಗೆ ಜಗಲಿಯ ತನಕ ಮಾತ್ರ ದಾರಿ. ಒಮ್ಮೆ ನಾನು ಇದನ್ನು ಅಂದಿದ್ದಕ್ಕೆ ಮಾದಮ್ಮತ್ತೆ ಕ್ಯಾನಿನ ಮುಚ್ಚಳ ಒತ್ತುತ್ತ ನಕ್ಕರು. "ಇದ್ರೊಳಗ ಯಾವ್ ಬೀದಿ ಆಲು ಎಲ್ಲದ ತೋರ್ಸು ನೋಡಾನ."

ಡೈರಿಯ ಸೆಕ್ರೆಟರಿ ಚಿಕ್ಕಸ್ವಾಮಿಗೆ ಎಲ್ಲ ಗೊತ್ತು, ಏನೂ ಗೊತ್ತಿಲ್ಲ. ಒಬ್ಬರ ನಂಬರಿಗೆ ಇನ್ನೊಬ್ಬರ ಹಾಲು ಹಾಕಬಾರದು ಎನ್ನುವುದು ಡೈರಿಯ ನಿಯಮ. "ಏನ್ ಮಾದಮ್ಮ, ಕೆಂಪಿ ಇವತ್ತೂ ಜೋರಾಗವ್ಳಲ್ಲ!" ಎನ್ನುತ್ತಾರೆ. "ನಾನಿಟ್ಟಿರೋ ಬೂಸಕ್ಕ ಜೋರಾಗ್ದೆ ಇನ್ನೇನಪ್ಪ?" ಎನ್ನುತ್ತಾರೆ ಇವರು. ಯಂತ್ರ ಚೀಟಿ ಉಗುಳುತ್ತದೆ. ಆರು ವರ್ಷದಿಂದ ಹೀಗೆ ನಡೆದಿತ್ತು.

ಈ ವರ್ಷ ಗ್ಯಾಸಿನ ರಿಯಾಯಿತಿಗೆ ಹೊಸ ಯೋಜನೆ ಬಂತು. ಮನೆಯ ಆದಾಯ ನೋಡಿ ಮೂರು ದರ್ಜೆ: ಕಡಿಮೆ ಇರುವವರಿಗೆ ಪೂರ್ತಿ ರಿಯಾಯಿತಿ, ನಡುವಿನವರಿಗೆ ಅರ್ಧ, ಮೇಲಿನವರಿಗೆ ಇಲ್ಲ. ರಿಯಾಯಿತಿಯನ್ನು ಬಿಲ್ಲಿನಲ್ಲೇ ಕಳೆದು ಕೊಡುತ್ತಾರೆ. ಕೇಳಿದಾಗ ನನಗೆ ನ್ಯಾಯವಾಗಿಯೇ ಕಂಡಿತ್ತು. ನಾವು ನಡುವಿನ ದರ್ಜೆಗೆ ಬಂದೆವು. ನನ್ನ ಗಂಡ ರಾಜೇಂದ್ರ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾರೆ, ಸಂಬಳ ಖಾತೆಗೆ ಬರುತ್ತದೆ. ಅಷ್ಟಕ್ಕೆ ಅರ್ಧ ಸರಿಯೇ ಅಂದುಕೊಂಡೆವು. ಆದರೆ ಆದಾಯ ಎಷ್ಟೆಂದು ಯಾರೂ ಮನೆಗೆ ಬಂದು ಕೇಳಲಿಲ್ಲ. ಆಧಾರ್ ಜೋಡಿಸಿದ ಖಾತೆಗೆ ವರ್ಷದಲ್ಲಿ ಎಷ್ಟು ಬಂತೋ ಅಷ್ಟೇ ಆದಾಯ. ಬೂಸಕ್ಕೆ, ಹಿಂಡಿಗೆ, ಹಸುವಿನ ಡಾಕ್ಟರಿಗೆ ಹೋದದ್ದು ಕಂಪ್ಯೂಟರಿನ ಕಣ್ಣಿಗೆ ಬೀಳುವುದಿಲ್ಲ. ಲೋಟದ ತಳದಲ್ಲಿ ಹೋದದ್ದಂತೂ ಹೇಗೆ ಬೀಳಬೇಕು?

ಮಾದಮ್ಮತ್ತೆಯ ಫೋನಿಗೆ ಮೆಸೇಜು ಬಂದಾಗ ಓದಿದವಳು ನಾನೇ. "ನಿಮ್ಮ ಕುಟುಂಬದ ಆದಾಯ ಮಿತಿ ಮೀರಿರುವುದರಿಂದ ರಿಯಾಯಿತಿ ನಿಲ್ಲಿಸಲಾಗಿದೆ. ಆಕ್ಷೇಪಣೆ ಇದ್ದಲ್ಲಿ ಮೂವತ್ತು ದಿನಗಳೊಳಗೆ ಸಲ್ಲಿಸಿ."

"ಕುಟುಂಬ ಅಂದ್ರ ಯಾರು?" ಎಂದರು.

"ನೀವೇ ಅತ್ತೆ."

"ಕೆಂಪಿನೂ ಸೇರ್ಸವ್ರಾ ಏನೋ ನೋಡು."

ನಂಜನಗೂಡಿನಲ್ಲಿ ಈ ಆಕ್ಷೇಪಣೆಗಳಿಗೆಂದೇ ಒಂದು ಕೌಂಟರು ತೆರೆದಿದ್ದರು. ಒಂದು ಸೋಮವಾರ ಮೈತ್ರಿಯನ್ನು ಸ್ಕೂಲಿಗೆ ಕಳಿಸಿ, ಅವರನ್ನು ಕರೆದುಕೊಂಡು ಬಸ್ಸು ಹತ್ತಿದೆ. ಸಾಲಿನಲ್ಲಿ ಎಲ್ಲ ಥರದವರೂ ಇದ್ದರು. ಮಗಳ ಮದುವೆಗೆಂದು ಮಾರಿದ ಮರದ ದುಡ್ಡು ಆದಾಯವಾಗಿ ಕುಳಿತವರು, ಮಗ ಸತ್ತ ಮೇಲೆ ಬಂದ ವಿಮೆಯ ದುಡ್ಡು ಆದಾಯವಾದವರು. ಕೌಂಟರಿನಲ್ಲಿದ್ದ ಮಧುಕುಮಾರ್ ಎಂಬ ಹುಡುಗನಿಗೆ ಇಪ್ಪತ್ತೈದಿರಬಹುದು. ಗಡುಸು ಮನುಷ್ಯನಲ್ಲ, ವಯಸ್ಸಾದವರಿಗೆ ಕುರ್ಚಿ ಹಾಕಿಸುತ್ತಿದ್ದ.

"ಅಜ್ಜಿ, ಎರಡೂವರೆ ಲಕ್ಷದ ಮೇಲೆ ಬಂದಿದೆ. ಪೂರ್ತಿ ಡೈರಿದು. ಎಷ್ಟು ಹಸು?"

"ಒಂದು ಸಾ. ಇನ್ನೊಂದು ಪಡ್ಡೆ, ತುಂಬು ಗಬ್ಬ."

"ದಿನಕ್ಕೆ ಎಷ್ಟು ಲೀಟರ್ ಹಾಕ್ತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾದಮ್ಮತ್ತೆ ಹೇಳಿಬಿಟ್ಟರು. "ಇಪ್ಪತ್ತೊಂದು."

ಮಧುಕುಮಾರ್ ಪೆನ್ನು ಕೆಳಗಿಟ್ಟ. "ಒಂದೇ ಹಸು, ಇಪ್ಪತ್ತೊಂದು ಲೀಟರಾ?"

"ಒಳ್ಳೆ ಅಸು ಸಾ."

"ಹಾಗಾದ್ರೆ ದಸರಾಕ್ಕೆ ಮೈಸೂರಿಗೆ ಹೊಡ್ಕೊಂಡು ಹೋಗಿ ಅಜ್ಜಿ. ಹಾಲು ಕರೆಯೋ ಸ್ಪರ್ಧೇಲಿ ಮೊದಲ್ನೇ ಬಹುಮಾನ ನಿಮ್ದೇ."

ಹಿಂದೆ ನಿಂತವರೆಲ್ಲ ನಕ್ಕರು. ಮಾದಮ್ಮತ್ತೆ ನಗಲಿಲ್ಲ. "ಅದ್ಕ ಬಸ್ ಆಗಕಿಲ್ಲ ಸಾ, ವಾಂತಿ ಮಾಡ್ಕತ್ತದ" ಎಂದರು.

ಹುಡುಗ ದನಿ ತಗ್ಗಿಸಿದ. "ನೋಡಿ ಅಜ್ಜಿ, ನಮ್ಮಜ್ಜಿನೂ ಡೈರಿಗೆ ಹಾಕ್ತಾರೆ, ನಂಗೆ ಗೊತ್ತಾಗುತ್ತೆ. ಬೇರೆಯವರ ಹಾಲೂ ಸೇರಿದೆ ಅಲ್ವಾ? ಈ ಫಾರಂನಲ್ಲಿ ಅವರ ಹೆಸರು, ಗಂಡನ ಹೆಸರು ಬರೆದು ಒಬ್ಬೊಬ್ಬರದೂ ಸಹಿ ಹಾಕ್ಸಿ. ಸೆಕ್ರೆಟರಿದೊಂದು ಲೆಟರು. ನಿಮ್ಮದಷ್ಟೇ ಆದಾಯ ಲೆಕ್ಕಕ್ಕೆ ತಗೊಂಡು ಹದಿನೈದು ದಿನಕ್ಕೆ ರಿಯಾಯಿತಿ ವಾಪಸ್ ಬರುತ್ತೆ. ಅವರ ಪಾಲು ಅವರವರ ಮನೆ ಆದಾಯಕ್ಕೆ ಹೋಗುತ್ತೆ, ಅಷ್ಟೇ."

"ಅವ್ರ ಮನ್ಗೆ ಕಾಗ್ಜ ಓಯ್ತದಾ?"

"ಮನೆ ಯಜಮಾನರ ಫೋನಿಗೆ ಮೆಸೇಜು ಹೋಗುತ್ತೆ."

ಮಾದಮ್ಮತ್ತೆ ಫಾರಂ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಹಾಕಿದರು. "ಆಲೆಲ್ಲ ನಂದೇ ಸಾ" ಎಂದು ಹೇಳಿ ಎದ್ದರು.

ಬಸ್ ಸ್ಟ್ಯಾಂಡಿನಲ್ಲಿ ಮೈತ್ರಿಗೆಂದು ಬಾಳೆಹಣ್ಣು ಕೊಂಡರು. ಕವಲಂದೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನನಗೆ ಸಿಟ್ಟು ಬಂದಿತ್ತು. ಐದು ಸಹಿ, ಒಂದು ಲೆಟರು. ಅಷ್ಟಕ್ಕೆ ಈ ಹೆಂಗಸು ಮತ್ತೆ ಹೊಗೆ ಕುಡಿಯಬೇಕೇ? ಅದನ್ನೇ ಅಂದೆ. ಅವರು ಸ್ವಲ್ಪ ಹೊತ್ತು ಉಸಿರು ಸರಿಮಾಡಿಕೊಂಡು ಇಟ್ಟಿಗೆ ಗೂಡಿನ ಕಾಲದ ಒಂದು ಸಂಗತಿ ಹೇಳಿದರು.

ಗೂಡಿನಲ್ಲಿ ಗಂಡ ಹೆಂಡತಿ ಇಬ್ಬರದೂ ಸೇರಿ ಒಂದೇ ಕೂಲಿ, ಅದು ಗಂಡನ ಕೈಗೆ.

"ನಮ್ಮನೆಯವ್ರು ಕೆಟ್ಟೋರಲ್ಲ ಕಣವ್ವ. ಕೇಳುದ್ರ ಕೊಡೋರು. ಕೇಳ್ಬೇಕಿತ್ತಲ್ಲ, ಅದೇ ಆಯ್ತಿರ್ಲಿಲ್ಲ ನಂಗ. ರೋಜಂಗೊಂದು ಜೊತೆ ಮೆಟ್ಟು ಬೇಕಂದ್ರೂ ಯಾಕ ಏನು ಅಂತ ಒಪ್ಪುಸ್ಬೇಕು."

ಮಣ್ಣು ತುಳಿಯುವ ಎತ್ತುಗಳ ಸಗಣಿ ಅಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಾದಮ್ಮತ್ತೆ ಕೆಲಸ ಮುಗಿದ ಮೇಲೆ ಅದನ್ನು ಬೆರಣಿ ತಟ್ಟಿ ನರಸೀಪುರದ ಹೋಟೆಲುಗಳ ಒಲೆಗೆ ಮಾರುತ್ತಿದ್ದರು. ದುಡ್ಡನ್ನು ಗುಡಿಸಲಲ್ಲಿ ಇಡುವಂತಿರಲಿಲ್ಲ. ಕೂಲಿಯವರಿಗೆ ಅಡುಗೆ ಮಾಡುತ್ತಿದ್ದ ದೊಡ್ಡಮ್ಮ ಎಂಬ ಮುದುಕಿ ಅದನ್ನು ತನ್ನ ರಾಗಿ ಮಡಕೆಯೊಳಗೆ ಇಟ್ಟುಕೊಂಡಳು. ಹೀಗೆ ಮೂರು ವರ್ಷ. ಒಂದು ದಿನ ಯಾರೋ ಚಲುವಯ್ಯನ ಕಿವಿಗೆ ಹಾಕಿದರು. ಅವರು ನೇರ ಹೋಗಿ ಕೇಳಿದರು.

"ಆಯಮ್ಮ ಏನಂದ್ಳು ಗೊತ್ತಾ? ಮಡಕೇಲಿ ರಾಗಿ ಅದ ಕಣಪ್ಪ, ಬೇಕಾದ್ರ ಕೈ ಆಕಿ ನೋಡ್ಕೊ ಅಂದ್ಳು. ಎಣ್ಣುಮಕ್ಳ ಅಡಿಗೆ ಮಡಕೆಗ ಎಂಗ್ ಕೈ ಆಕಾರು? ಸುಮ್ನ ಬಂದ್ಬುಟ್ರು. ಅದೇ ದುಡ್ಡಲ್ಲಿ ಕಣವ್ವ ಮೊದಲ್ನೇ ಕರ ತಂದಿದ್ದು, ಈ ಕೆಂಪಿ ಅಜ್ಜಿ. ಅದ್ನ ನೋಡಿ ಎಲ್ರಿಗಿಂತ ಜಾಸ್ತಿ ಇಗ್ಗಿದ್ದು ಅವ್ರೇ! ಅವತ್ತು ದೊಡ್ಡಮ್ಮ ಬಾಯ್ ಬುಟ್ಟಿದ್ರ ಕರನೂ ಇಲ್ಲ, ಅಸುನೂ ಇಲ್ಲ."

ಬಸ್ಸು ಬಂತು. ಬಾಳೆಹಣ್ಣು ಎತ್ತಿಕೊಂಡು ಹೋಗಿ ಕಿಟಕಿ ಪಕ್ಕ ಕುಳಿತರು.

ಸುದ್ದಿ ಹೇಗೋ ಐವರಿಗೂ ತಿಳಿಯಿತು. ದೇವೀರಮ್ಮ ಬಂದು, ಎಲ್ಲರೂ ಸೇರಿ ಸಿಲಿಂಡರಿನ ದುಡ್ಡು ಹಾಕುತ್ತೇವೆ ಎಂದರು. ಮಾದಮ್ಮತ್ತೆ ಒಪ್ಪಲಿಲ್ಲ. "ಇವತ್ತು ಸಿಲಿಂಡ್ರಿಗೆ ಈಸ್ಕಂಡ್ರ ನಾಳ್ಕ ನಾನು ದಲ್ಲಾಳಿ ಆಯ್ತೀನಿ ಕಣಕ್ಕ. ಆಮೇಲ ನಿನ್ನ ಆಲು ಎಷ್ಟು, ಕಮಿಸನ್ ಎಷ್ಟು ಅಂತ ಜನ ಮಾತಾಡ್ತರ." ಶಾಲಿನಿ ಬಂದವಳೇ ನನ್ನ ಮುಂದೆ ಕೈ ಚಾಚಿ, "ಆ ಫಾರಂ ಕೊಡಿ ಅಕ್ಕ, ನಾನು ಸೈನ್ ಹಾಕ್ತೀನಿ" ಎಂದಳು. ಮಾದಮ್ಮತ್ತೆ ಆ ಕೈಗೆ ಸಕ್ಕರೆ ಲೋಟ ಕೊಟ್ಟರು. "ಓಗು, ನಿಮ್ಮತ್ತೆ ಕಾಯ್ತಿರ್ತಳ. ಇಟ್ಟು ಬೀಸೋಕ್ಕ ಎಷ್ಟೊತ್ತು ಅಂತ ಬೈದಾಳು."

ನಂಜನಗೂಡಿನಿಂದ ಬಂದ ಎಂಟನೇ ದಿನಕ್ಕೆ ದಮ್ಮು ಜೋರಾಯಿತು. ಮಧ್ಯಾಹ್ನ ನಾನು ಹೋದಾಗ ಒಲೆಯ ಮುಂದೆ ಗೋಡೆಗೆ ಒರಗಿ ಕುಳಿತಿದ್ದರು. ತುಟಿ ಕಪ್ಪಿಟ್ಟಿತ್ತು, ಮಾತು ಬರುತ್ತಿರಲಿಲ್ಲ. ದಮ್ಮಿನ ಔಷಧಿ ಎಳೆದುಕೊಳ್ಳುವ ಪಂಪು ಹುಡುಕಿ ಎರಡು ಸಲ ಎಳೆಸಿದೆ, ಒಲೆಗೆ ನೀರು ಸುರಿದೆ. ಆಮೇಲೆ ರೋಜಾಗೆ ಫೋನು ಮಾಡಿದೆ. ಸಂಜೆಯ ಬಸ್ಸಿಗೆ ಬಂದ ರೋಜಾ ಅಳುತ್ತಲೇ ಬೈದಳು.

"ಊರೋರ ಗುಟ್ಟು ಕಾಯಕ್ಕ ನಿನ್ ಉಸ್ರು ಕೊಟ್ಟೀಯವ್ವಾ? ಆ ಮೇಗಲ ಬೀದಿಯೋರು ನಿನ್ನ ಮನೆ ಒಳಕ್ಕ ಕರೀತರಾ?"

"ಒಳಕ್ಕ ಕರ್ದ್ರ ಕೂತ್ಕೊಳ್ಳಾಕ ನಂಗೆಲ್ಲವ್ವ ಪುರುಸೊತ್ತು?" ಎಂದರು ತಾಯಿ, ಉಸಿರು ಹಿಡಿದುಕೊಂಡು.

ಮಾರನೇ ದಿನ ರೋಜಾ ಅವರನ್ನು ನರಸೀಪುರಕ್ಕೆ ಕರೆದುಕೊಂಡು ಹೋದಳು. ಹಸು, ಪಡ್ಡೆ ಎರಡನ್ನೂ ನಾನು ನೋಡಿಕೊಂಡೆ. ಕೆಂಪಿಯನ್ನು ಕರೆದು ಮಾದಮ್ಮತ್ತೆಯ ನಂಬರಿಗೆ ಒಂಬತ್ತು ಲೀಟರು ಹಾಕಿ ಬರುತ್ತಿದ್ದೆ. ಚಿಕ್ಕಸ್ವಾಮಿ ಚೀಟಿಯನ್ನು ಎರಡು ಸಲ ನೋಡಿ ಕೊಡುತ್ತಿದ್ದರು. ಮೊದಲ ಬೆಳಗ್ಗೆ ಶಾಲಿನಿ ರಾಗಿ ಚೀಲ ಹಿಡಿದು ಬಂದು, ಬೀಗ ಹಾಕಿದ ಬಾಗಿಲು ನೋಡಿ ಹಾಗೇ ಹಿಂತಿರುಗಿದಳು. ನಾನು ಕರೆದೆ, ಅವಳು ನಿಲ್ಲಲಿಲ್ಲ. ಎರಡನೇ ದಿನದಿಂದ ಯಾರೂ ಬರಲಿಲ್ಲ. ಅವರ ಹಾಲು ಮೊದಲಿನಂತೆ ಮಾವಂದಿರ, ಮಕ್ಕಳ ನಂಬರುಗಳಿಗೆ ಹೋಯಿತು. ಎದುರಿನ ಖಾಲಿ ಜಗಲಿಯನ್ನು ದಿನಾ ನೋಡುತ್ತ, ಬಸ್ ಸ್ಟ್ಯಾಂಡಿನಲ್ಲಿ ಬಂದಿದ್ದ ಸಿಟ್ಟು ಇಳಿಯುತ್ತ ಹೋಯಿತು. ಶಾಲಿನಿಯ ಕೋರ್ಸಿಗೆ ಫೀಸು ಕಟ್ಟಲು ಇನ್ನು ಎರಡು ತಿಂಗಳಷ್ಟೇ ಇತ್ತು.

ಮೈತ್ರಿ ಪಡ್ಡೆಗೆ ದಿನಾ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿ ತಿನ್ನಿಸಿ ಅದು ಅವಳ ದನಿ ಕೇಳಿದರೆ ಸಾಕು ಹಗ್ಗ ಎಳೆಯುವಂತಾಯಿತು.

ರೋಜಾ ಹದಿನೈದು ದಿನ ಇಟ್ಟುಕೊಳ್ಳುತ್ತೇನೆ ಎಂದಿದ್ದಳು. ಒಂಬತ್ತನೇ ದಿನ ನಾನು ಬಟ್ಟೆ ಒಣಹಾಕುತ್ತಿದ್ದಾಗ ಎದುರು ಮನೆಯ ಬಾಗಿಲು ತೆರೆದ ಸದ್ದಾಯಿತು. ಮಾದಮ್ಮತ್ತೆಯ ಮುಖಕ್ಕೆ ಬಣ್ಣ ಮರಳಿತ್ತು, ಕೈಯಲ್ಲಿ ಹೊಸ ಪಂಪು ಇತ್ತು. ನೇರ ಕೊಟ್ಟಿಗೆಗೆ ಹೋಗಿ ಕೆಂಪಿಯ ಕಿವಿಯ ಹಿಂದೆ ತುರಿಸಿದರು. ಆಮೇಲೆ ಪಡ್ಡೆಯ ಹಗ್ಗ ಬಿಚ್ಚಿ ಹಿಡಿದುಕೊಂಡು ಬೀದಿ ದಾಟಿ ನಮ್ಮ ಅಂಗಳಕ್ಕೆ ಬಂದರು. ನಾನು ಕುರ್ಚಿ ಹಾಕಿದೆ. ಕೂರಲಿಲ್ಲ.

"ಬಸ್ಸಿಳಿದು ಮೊದ್ಲು ಚಿಕ್ಕಸ್ವಾಮಿನ ಕೇಳ್ಕಂಡು ಬಂದೆ. ಒಸ ನಂಬರಿಗೆ ಆಧಾರ್ ಬೇಕು, ಪಾಸ್‌ಬುಕ್ ಬೇಕು, ಮನೇಲಿ ಒಂದು ಅಸು ಇರ್ಬೇಕು. ಅಷ್ಟೇ ಅಂತ."

"ಯಾರಿಗೆ ಅತ್ತೆ ಹೊಸ ನಂಬರು?"

ಅವರು ಎದೆಯ ಮೇಲೆ ಕೈ ಇಟ್ಟು ಉಸಿರು ತೆಗೆದುಕೊಂಡರು.

"ನನ್ ನಂಬರಿಗೆ ಇಬ್ರದ್ದು ಇರ್ಲಿ, ಮೂರು ಜನದ್ದು ಬೇರೆ ಕಡೀಕ ಓಗ್ಲಿ. ಬರೋ ವರ್ಸ ಲೆಕ್ಕ ನೋಡ್ದಾಗ ನಂಗ ಪೂರ್ತಿ ಸಿಕ್ದೆ ಇದ್ರೂ ಅರ್ಧ ರೇಟಲ್ಲಾದ್ರೂ ಗ್ಯಾಸ್ ಬತ್ತದ. ಅಲ್ಲೀಗಂಟ ರೋಜ ಒಂದೆಲ್ಡು ಸಿಲಿಂಡ್ರು ಕೊಡ್ಸ್ತೀನಿ ಅಂದವ್ಳ. ಮಗಳ್ದು ಈಸ್ಕಂಡ್ರ ದಲ್ಲಾಳಿ ಆಗಕಿಲ್ಲ."

ಮೈತ್ರಿ ಒಳಗಿಂದ ಓಡಿ ಬಂದು ಪಡ್ಡೆಯ ಕುತ್ತಿಗೆ ತಬ್ಬಿದಳು. ಮಾದಮ್ಮತ್ತೆ ಅವಳ ತಲೆ ಸವರಿ ನನ್ನನ್ನು ನೋಡಿದರು.

"ಒಂದು ಮಾತು ಮೊದ್ಲೇ ಹೇಳ್ಬುಡ್ತೀನಿ ಯಶೋಧ. ರಾಜೇಂದ್ರನ ಸಂಬಳದ ಜೊತ್ಗ ಇದೂ ಸೇರುದ್ರ ನಿಮ್ದು ಅರ್ಧನೂ ಓಗ್ಬೋದು. ಅವುಂಗೆ ಹೇಳ್ಬುಟ್ಟೇ ಮಾಡು, ನಮ್ ಗುಟ್ಟು ನಿಮ್ಮಿಬ್ರ ಮಧ್ಯ ಬರೋದು ಬ್ಯಾಡ. ಪಡ್ಡೆ ನಿಂಗೇ ಇರ್ಲಿ, ಇನ್ನು ಇಪ್ಪತ್ತು ದಿನಕ್ಕ ಕರ ಆಕ್ತದ, ಆಲು ನೀನೇ ಉಣ್ಣು."

ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದರು.

"ನಿನ್ ಎಸ್ರಲ್ಲಿ ಒಂದು ನಂಬರು ಮಾಡುಸ್ಕೊ ಮಗ. ಕರ ಆಕುದ್ಮೇಲ ಶಾಲಿನಿದೂ ಇನ್ನಿಬ್ರದ್ದೂ ಆಲು ನಿನ್ ಕ್ಯಾನಿಗೆ ಬೀಳ್ಲಿ."